ಸರಿಯಾಗಿ ಓಡಿಸಿದ ಒಂದೇ ಆಟ

ತಪ್ಪು ಬಹಳ ಸಣ್ಣದು. ಖಾನಾಪುರದ ಟಾಕೀಸಿಗೆ ‘ಬಾವಿಯ ಬಾಗಿಲು’ ಎಂಬ ಪತ್ತೇದಾರಿ ಚಿತ್ರ ಪೆನ್‌ಡ್ರೈವಿನಲ್ಲಿ ಎರಡು ತುಂಡಾಗಿ ಬಂದಿತ್ತು. ಎರಡನೆಯ ತುಂಡು ಚಿಕ್ಕದಾದ್ದರಿಂದ ಯಂತ್ರದೊಳಗೆ ಮೊದಲು ಇಳಿಯಿತು. ಮೊದಲು ಇಳಿದದ್ದನ್ನು ಆಪರೇಟರ್ ಮುತ್ತಪ್ಪ ಮೊದಲು ಹಾಕಿದ.

ಇದು ಅವನಿಗೆ ಗೊತ್ತಾಗದೆ ಮೂರು ದಿನ ಕಳೆದವು. ಏಕೆಂದರೆ ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಮುತ್ತಪ್ಪ ಒಂದು ಚಿತ್ರವನ್ನೂ ಪೂರ್ತಿ ನೋಡಿದವನಲ್ಲ. ಕ್ಯಾಬಿನ್ನಿನಲ್ಲಿ ಕಣ್ಣು ಮುಚ್ಚಿ ಕೂತು ಜನರ ಸದ್ದನ್ನಷ್ಟೇ ಕೇಳುತ್ತಿದ್ದ. ಸಿಳ್ಳೆ ಬಂದರೆ ಎಲ್ಲ ಸರಿ, ಕುರ್ಚಿ ಬಡಿದರೆ ಏನೋ ಕೆಟ್ಟಿದೆ. ಈ ಸಲ ಯಾರೂ ಕುರ್ಚಿ ಬಡಿಯಲಿಲ್ಲ. ಜನ ಉಸಿರು ಬಿಗಿಹಿಡಿದು ಕೂತಿದ್ದರು. ಮುತ್ತಪ್ಪನಿಗೆ ಸೊಗಸಾದ ನಿದ್ದೆ ಬಂತು.

ಭಾನುವಾರ ಬೆಳಿಗ್ಗೆ ಬೆಳಗಾವಿಯ ಟಾಕೀಸೊಂದರ ಆಪರೇಟರ್ ಬಾಳಪ್ಪ ಫೋನ್ ಮಾಡಿದ.

“ಏನೋ ಮುತ್ತಪ್ಪ, ಆ ಸಿನಿಮಾ ನಿಮ್ಮಲ್ಲಿ ಹೌಸ್‌ಫುಲ್ ಅಂತಲ್ಲೋ! ನಮ್ಮಲ್ಲಿ ಎರಡು ದಿನಕ್ಕ ಕಿತ್ತು ಒಗದ್ವಿ. ಕಡೀಕ ಪತ್ತೇದಾರ ಬಾವ್ಯಾಗ ಸತ್ತು ಬೀಳ್ತಾನಲ್ಲ, ಅಲ್ಲೀತನಕ ಒಬ್ಬರೂ ಕುಂದರಲಿಲ್ಲ.”

“ಕಡೀಕ? ನಮ್ಮಲ್ಲಿ ಇಂಟರ್ವಲ್ಲಿಗೇ ಸಾಯ್ತಾನಂತ ಜನ ಮಾತಾಡಾಕತ್ತಾರ.”

“ಇಂಟರ್ವಲ್ ಆದಮ್ಯಾಲ?”

“ಚೀಲಾ ಹಿಡಕೊಂಡು ಬಸ್ಸಿನಿಂದ ಇಳದು, ಕಳದಾವನ್ನ ಹುಡುಕ್ಕೋತ ಊರಾಗ ಬರ್ತಾನಂತ.”

ಬಾಳಪ್ಪ ಕೂಗಿಯೇಬಿಟ್ಟ. “ಮುತ್ತಪ್ಪ, ಉಲ್ಟಾ ಹಾಕೀಯಲ್ಲೋ!”

ಮುತ್ತಪ್ಪ ಫೋನ್ ಇಟ್ಟವನೇ ಚಪ್ಪಲಿ ಮೆಟ್ಟಿದ. ಹೋದ ವರ್ಷ ಭಕ್ತಿ ಚಿತ್ರವೊಂದರ ನಡುವೆ ಬೇರೆ ಚಿತ್ರದ ಕುಣಿತ ಹಾಕಿದಾಗಲೇ ಮಾಲೀಕ ಕೃಷ್ಣಾಜಿ ಖಡಾಖಂಡಿತವಾಗಿ ಹೇಳಿದ್ದರು: ಇನ್ನೊಂದು ತಪ್ಪಾದರೆ ನೌಕರಿ ಇಲ್ಲ. ಐವತ್ಮೂರರ ವಯಸ್ಸಿನಲ್ಲಿ ಅವನಿಗೆ ಬೇರೆ ಕೆಲಸ ಯಾವುದೂ ಬರುತ್ತಿರಲಿಲ್ಲ.

ಟಾಕೀಸಿಗೆ ಓಡಿದರೆ ಗೇಟಿನಲ್ಲಿ ಕೃಷ್ಣಾಜಿಯೇ ಹಾರ ಹಿಡಿದು ನಿಂತಿದ್ದರು. “ಬಾರೋ ಮುತ್ತಪ್ಪಾ! ಹನ್ನೆರಡರ ಆಟಕ್ಕ ಡೈರೆಕ್ಟರ್ ವಿನೀತ ಸಾಹೇಬ್ರು ಖುದ್ದ ಬರಾಕತ್ತಾರ. ಇಡೀ ರಾಜ್ಯದಾಗ ನಮ್ಮಲ್ಲಷ್ಟ ಓಡಾಕತ್ತೈತಂತ!”

ನಿಜ ಹೇಳಿಬಿಡೋಣವೆಂದು ಮುತ್ತಪ್ಪ ಬಾಯಿ ತೆರೆದ. ಅಷ್ಟರಲ್ಲಿ ಗೇಟಿನ ಬಳಿ ಶೇಂಗಾ ಮಾರುವ ಶಿವಲಿಂಗವ್ವ ಅವನ ಕೈ ಹಿಡಿದುಕೊಂಡಳು.

“ಮುತ್ತಣ್ಣ, ಮೂರು ಸಲ ನೋಡೀನಿ ನೋಡ. ಬಾವ್ಯಾಗ ನೀಲಿ ಬಾಗಲಾ, ಕಾಳ ಇಲ್ದ ಬೀಸುಕಲ್ಲು ತಿರುವೂ ಮುದುಕಿ! ಸತ್ತಾವ ತನ್ನ ಹೆಣಾ ತಾನ ಹುಡುಕ್ಕೋತ ಬರ್ತಾನ! ಎದಿ ಧಸಕ್ಕಂತೈತಿ. ಮನಿ ಬಾವಿಗೆ ಹೋಗಾಕ ಅಂಜಿಕಿ ಆಗೈತಿ, ಆದ್ರ ಇಲ್ಲಿ ಬರೂದು ಬಿಡಾಕ ಆಗವಲ್ದು.”

“ಯಾಕವ್ವಾ?”

“ಯಾಕಂತ ತಿಳಿದಿದ್ರ ಒಮ್ಮೆ ನೋಡಿ ಸುಮ್ನ ಕುಂದರ್ತಿದ್ನಿ.”

ಪಕ್ಕದಲ್ಲಿ ಬೆಳಗಾವಿಯ ಕಾಲೇಜೊಂದರ ಅಲಕಾ ಮೇಡಂ ವಿದ್ಯಾರ್ಥಿಗಳಿಗೆ ಪಾಠವನ್ನೇ ಶುರುಮಾಡಿದ್ದರು. “ಸಿನಿಮಾದ ಹೆಸರು ಇಂಟರ್ವಲ್ ಆದಮ್ಯಾಲ ಬರ್ತದ. ಯಾಕ? ಮನಷ್ಯಾಗ ಹೆಸರು ಬರೂದ ಸತ್ತ ಮ್ಯಾಲ! ಇಂಥಾ ಧೈರ್ಯ ಇಲ್ಲೀತನಕ ಯಾರೂ ಮಾಡಿಲ್ಲ.” ಆ ಧೈರ್ಯ ಮಾಡಿದವನು ಮುಖದ ಬೆವರು ಒರೆಸಿಕೊಳ್ಳುತ್ತ ಕ್ಯಾಬಿನ್ನಿನ ಮೆಟ್ಟಿಲು ಹತ್ತಿದ.

ಉಲ್ಟಾ ಹಾಕಿದರೆ ಚಿತ್ರ ಮಾಡಿದವನೇ ಹಿಡಿಯುತ್ತಾನೆ. ಸರಿಯಾಗಿ ಹಾಕಿದರೆ ಮೂರು ದಿನ ನೋಡಿದ ಜನ ಹಿಡಿಯುತ್ತಾರೆ. ಯಾವ ಕಡೆ ತಿರುಗಿದರೂ ನೌಕರಿಗೆ ಕುತ್ತು. ಕೊನೆಗೆ ಮುತ್ತಪ್ಪ ಬಸವಣ್ಣನನ್ನು ನೆನೆದು, ಮೊದಲ ತುಂಡನ್ನೇ ಮೊದಲು ಹಾಕಿದ.

ಹತ್ತು ನಿಮಿಷಕ್ಕೆ ಮೊದಲ ಕುರ್ಚಿ ಬಡಿಯಿತು. ಆಮೇಲೆ ಎಲ್ಲ ಕುರ್ಚಿಗಳೂ ಬಡಿದವು.

“ಉಲ್ಟಾ ಹಾಕ್ಯಾರ!”

“ಹೆಣಾ ಎಲ್ರಿ? ಮೊದಲ ಹೆಣಾ ತೋರಸ್ರಿ!”

ಶಿವಲಿಂಗವ್ವನ ದನಿ ಎಲ್ಲಕ್ಕಿಂತ ಮೇಲಿತ್ತು. “ಮುತ್ತಣ್ಣ, ಬದುಕಿದ್ದಾವನ್ನ ನೋಡಾಕ ನಾ ಬಂದಿಲ್ಲೋ!”

ಮಧ್ಯಂತರದವರೆಗೂ ಕಾಯದೆ ಯಾರೋ ಮೆಟ್ಟಿಲು ಹತ್ತಿ ಬಂದು, ಒಳಗೆ ನುಗ್ಗಿ, ಚಿಲಕ ಹಾಕಿದರು. ನಿರ್ದೇಶಕ ವಿನೀತ! ಕೊರಳಲ್ಲಿ ಹಾರ ಇನ್ನೂ ಹಾಗೇ ಇತ್ತು. ಮುತ್ತಪ್ಪ ಆಟ ನಿಲ್ಲಿಸಿ ಅವರ ಕಾಲಿಗೇ ಬಿದ್ದ.

“ಸಾಹೇಬ್ರ, ಇವತ್ತ ಸರಿಯಾಗಿ ಹಾಕೀನ್ರಿ. ಮೂರು ದಿನ ಉಲ್ಟಾ ಹಾಕಿದ್ದು ನನ್ನ ತಪ್ಪು.”

“ಅದನ್ನ ಮಾಡಿದವರು ನೀವ ಏನ್ರಿ?” ವಿನೀತ ಅವನನ್ನು ಎಬ್ಬಿಸಿ ಪಿಸುಗುಟ್ಟಿದರು. “ಉಳದ ಕಡೆ ಎಲ್ಲಾ ಸರಿಯಾಗೇ ಹಾಕಿದ್ರು, ಒಬ್ಬರೂ ನೋಡಲಿಲ್ಲ. ನೀವು ಹೆಂಗ ಹಾಕೀರಂತ ತಿಳಕೊಂಡು ಹೋಗಾಕ ನಾ ಬಂದೀನಿ!”

ಮುತ್ತಪ್ಪನಿಗೆ ಹೋದ ಜೀವ ಬಂದಂತಾಯಿತು. “ಹಂಗಾರ ನಮ್ಮ ಮಾಲಕರ ಮುಂದ ಒಂದ ಮಾತು ಹೇಳ್ರಿ, ಸಾಹೇಬ್ರ. ನೌಕರಿ ಉಳೀತೈತಿ.”

“ಎಲ್ಲಾರ ಮುಂದನ ಹೇಳ್ತೀನಿ ಬಿಡ್ರಿ.”

ವಿನೀತ ಕೆಳಗಿಳಿದು ಪರದೆಯ ಮುಂದೆ ಮೈಕು ಹಿಡಿದರು. ಅಲಕಾ ಮೇಡಂ ಎದ್ದು ನಿಂತು ಕೇಳಿದರು: “ಸರ್, ನಿಮ್ಮ ಖರೇ ಸಿನಿಮಾ ಯಾವುದು? ಮೂರು ದಿನ ನೋಡಿದ್ದೋ, ಇವತ್ತಿಂದೋ?”

ವಿನೀತ ಒಮ್ಮೆ ಕ್ಯಾಬಿನ್ನಿನ ಕಿಂಡಿಯ ಕಡೆ ನೋಡಿದರು. ಮುತ್ತಪ್ಪ ಅಲ್ಲಿಂದಲೇ ಕೈಮುಗಿದ. ವಿನೀತ ಜನರ ಕಡೆ ತಿರುಗಿದರು.

“ಮೂರು ದಿನ ನೀವು ನೋಡಿದ್ದ ಖರೇ. ಹಂಗ ಜೋಡಸಾಕ ನನಗ ಆರು ವರ್ಷ ಹಿಡೀತು. ಇವತ್ತ ಪಾಪ, ಆಪರೇಟರ್ ತಪ್ಪು ಮಾಡ್ಯಾರ. ಮೂರರ ಆಟದಾಗ ನಿಮಗೆಲ್ಲಾ ಮತ್ತ ತೋರಸ್ತೀವಿ.”

ಚಪ್ಪಾಳೆಗೆ ಮೇಲಿನ ತಗಡು ನಡುಗಿತು.

ಕೃಷ್ಣಾಜಿ ಸಿಟ್ಟಿನಿಂದ ಮೇಲೆ ಬಂದರು. ಮುತ್ತಪ್ಪ ಪೆನ್‌ಡ್ರೈವಿನಿಂದ ಹಿಡಿದು ಎಲ್ಲವನ್ನೂ ಹೇಳಿದ. ಕೃಷ್ಣಾಜಿಗೆ ಇನ್ನಷ್ಟು ಸಿಟ್ಟು ಬಂತು. “ಸಿನಿಮಾ ಮಾಡಿದಾವ್ರಿಗಿಂತ ನಿನಗ ಹೆಚ್ಚು ಗೊತ್ತೈತೇನು? ಸಾಕು ಮುತ್ತಪ್ಪಾ. ನಾಳಿಂದ ಬರಬ್ಯಾಡ.”

ಇಪ್ಪತ್ತೆರಡು ವರ್ಷ ಅಷ್ಟರಲ್ಲಿ ಮುಗಿಯಿತು. ಮುತ್ತಪ್ಪ ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡು ಚಪ್ಪಲಿ ಹುಡುಕತೊಡಗಿದ.

“ಎಲ್ಲಿ ಹೊಂಟಿ?” ಕೃಷ್ಣಾಜಿ ಬಾಗಿಲಲ್ಲೇ ತಡೆದರು. “ಹೊಸ ಮನಷ್ಯಾ ನಾಳೆ ಬರ್ತಾನ. ಮೂರರ ಆಟ ಅಷ್ಟು ಹಾಕಿ ಹೋಗು.”

ಮೂರು ಗಂಟೆಗೆ ಮುತ್ತಪ್ಪ, ಕಣ್ಣು ತೆರೆದುಕೊಂಡೇ, ಎರಡನೆಯ ತುಂಡನ್ನು ಮೊದಲು ಹಾಕಿದ. ಜನ ಮಿಸುಕದೆ ಕೂತರು. ಕೃಷ್ಣಾಜಿ ಕ್ಯಾಬಿನ್ನಿನೊಳಗೆ ಇಣುಕಿ ನೋಡಿ, ಸಮಾಧಾನದಿಂದ ಅವನ ಬೆನ್ನು ತಟ್ಟಿದರು.

“ನೋಡು, ಮನಸ್ಸು ಮಾಡಿದ್ರ ನಿನಗ ಬರ್ತೈತಿ.”