ಫಾರಿನ್ ದಾರೂ ನೋಡುವ ಡ್ಯೂಟಿ

ಆಳಂದ, ಅಫಜಲಪುರ, ಜೇವರ್ಗಿ, ಮೂರೂ ತಾಲೂಕಿಗೆ ಆಹಾರ ಸುರಕ್ಷತಾ ಅಧಿಕಾರಿ ನಾನೊಬ್ಬನೇ. ಹೆಂಡತಿ ಹಾಸನದಲ್ಲಿ ಶಿಕ್ಷಕಿ, ನಾನು ಅಫಜಲಪುರದ ಬಾಡಿಗೆ ಕೋಣೆಯಲ್ಲಿ. ಹೋಟೆಲಿನವರು ನನ್ನ ಮುಖ ಕಂಡರೆ ಅಡುಗೆಮನೆಯ ಬಾಗಿಲು ಹಾಕಿಕೊಳ್ಳುತ್ತಾರೆ. ಸಂಜೆ ಜೊತೆಗೆ ಕೂತು ಚಹಾ ಕುಡಿಯುವವರು ಒಬ್ಬರೂ ಇಲ್ಲ. ಹಾಗಾಗಿ ಮನೆಯ ಮಾಲಕಿ ಶರಣಮ್ಮ ಎಳ್ಳ ಅಮಾವಾಸ್ಯೆಗೆ ತಮ್ಮ ಹೊಲಕ್ಕೆ ಊಟಕ್ಕೆ ಕರೆದಾಗ ನಾನು ಬಿಳಿ ಅಂಗಿಗೆ ಎರಡು ಸಲ ಇಸ್ತ್ರಿ ಮಾಡಿಸಿದೆ. ವರ್ಷದಲ್ಲಿ ನನಗೆ ಬಂದ ಮೊದಲ ಕರೆ ಅದು.

ಹಬ್ಬದ ಹಿಂದಿನ ದಿನವೇ ಆದೇಶ ಬಂತು. ಆಮದು ಮದ್ಯದಲ್ಲಿ ಮೆಥನಾಲ್, ಸೀಸದಂಥ ವಿಷ ಇದೆಯೇ ಎಂದು ತಿಳಿಯಲು ಮಾದರಿ ಕಳುಹಿಸತಕ್ಕದ್ದು. ಜನ್ಮದಲ್ಲಿ ಒಂದು ಹನಿ ಮುಟ್ಟದ ನಾನು ಧೈರ್ಯವಾಗಿ ಹೊರಟೆ. ಇದರಲ್ಲಿ ಎಡವಟ್ಟಾಗಲು ಏನಿದೆ!

ಆಳಂದದಲ್ಲಿ ಫಾರಿನ್ ಮಾಲು ಸಿಗಲಿಲ್ಲ. ಜೇವರ್ಗಿಯ ಅಂಗಡಿಯೊಂದರಲ್ಲಿ, ಅಂದಕ್ಕೆಂದು ಕಪಾಟಿನಲ್ಲಿಟ್ಟಿದ್ದ, ಒಂದು ಮಾದರಿಗೆ ಬೇಕೇ ಬೇಕಾದ ನಾಲ್ಕು ಬಾಟಲಿ ಸಿಕ್ಕವು. ಶಾಸ್ತ್ರೋಕ್ತವಾಗಿ ದಾರ ಸುತ್ತಿ, ಅರಗು ಹಾಕಿ, ಮುದ್ರೆ ಒತ್ತಿ, ಚೀಲವನ್ನು ಬೈಕಿನ ಮೇಲೆ ನನ್ನ ಮುಂದೆಯೇ ಇಟ್ಟುಕೊಂಡೆ. ಊರು ಇನ್ನೇನು ಬಂತು ಎನ್ನುವಾಗ ಒಂದು ಹಂಪ್ ಬಂತು. ಒಂದು ಬಾಟಲಿ ಒಡೆದು ನನ್ನ ಅಂಗಿಗೆ ಅಭಿಷೇಕವಾಯಿತು.

ಕಚೇರಿಗೆ ಬೀಗ ಬಿದ್ದಿತ್ತು. ಉಳಿದ ಮೂರು ಬಾಟಲಿ ಅಪ್ಪಿಕೊಂಡು ಮನೆಗೆ ಬಂದೆ. ಶರಣಮ್ಮ ಕಟ್ಟೆಯ ಮೇಲೆ ಹಬ್ಬದ ಭಜ್ಜಿ ಪಲ್ಯಕ್ಕೆ ಅವರೆಕಾಯಿ ಸುಲಿಯುತ್ತಿದ್ದರು. ಇಲ್ಲಿನ ಭಾಷೆಯಲ್ಲೇ ವಿವರಣೆ ಕೊಟ್ಟೆ.

"ತಪ್ಪು ತಿಳೀಬ್ಯಾಡ್ರಿ ಅಕ್ಕಾರ. ಫಾರಿನ್ ದಾರೂ ನೋಡೋದು ನನ್ನ ಡ್ಯೂಟಿ."

"ಮೂರೂ ತಾಲೂಕಿಂದು ನೀವೊಬ್ರ ನೋಡ್ತೀರಿ?"

"ನಾನೊಬ್ಬನ ನೋಡ್ತೇನ್ರಿ," ಎಂದೆ, ಹೆಮ್ಮೆಯಿಂದ.

ಉಪ್ಪು ನೋಡು ಎಂದರೆ ಯಾರೂ ಕಣ್ಣಿನಿಂದ ನೋಡುವುದಿಲ್ಲ ಎಂಬುದು ನನಗೆ ಹೊಳೆಯಲಿಲ್ಲ. ಶರಣಮ್ಮ ಸೆರಗನ್ನು ಮೂಗಿಗೆ ಒತ್ತಿಕೊಂಡರು. "ನಮ್ಮನಿಯವರು ಕುಡ್ಯೋದು ಬಿಟ್ಟು ಈಗ ವರ್ಷ ಆಗ್ಯಾದ್ರಿ ಸಾಹೇಬ್ರ," ಎಂದವರೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಮರುದಿನ ಬಿಳಿ ಅಂಗಿ ತೊಟ್ಟು ಹೊರಗೆ ನಿಂತೆ. ಅವರ ಟ್ರ್ಯಾಕ್ಟರ್ ಜನ ತುಂಬಿಕೊಂಡು ಹೊಲಕ್ಕೆ ಹೋಯಿತು. ನನ್ನನ್ನು ಯಾರೂ ಕೂಗಲಿಲ್ಲ. ಓಣಿಯಲ್ಲಿ ಉಳಿದದ್ದು ನಾನು ಮತ್ತು ಒಂದು ನಾಯಿ. ಹೆಂಡತಿ ಫೋನ್ ಮಾಡಿದಾಗ, ಹೊಲದಲ್ಲಿದ್ದೇನೆ, ವಿಪರೀತ ಗದ್ದಲ ಎಂದೆ. ಗದ್ದಲವೇ ಕೇಳಿಸುತ್ತಿಲ್ಲವಲ್ಲ ಎಂದಳು. ನನಗೆ ಅಳು ಬಂದಂತಾಯಿತು.

ಮಧ್ಯಾಹ್ನ ಶರಣಮ್ಮನ ಗಂಡ ಬಸಣ್ಣ ಭಜ್ಜಿ, ಸಜ್ಜಿ ರೊಟ್ಟಿಯ ಡಬ್ಬಿ ಹಿಡಿದು ಬಂದರು. ಪಕ್ಕದಲ್ಲಿ ಕೂತು ಹೆಗಲ ಮೇಲೆ ಕೈಯಿಟ್ಟರು.

"ಒಬ್ರ ಇದ್ರ ಹಿಂಗ ಆಗ್ತದ್ರಿ ಸಾಹೇಬ್ರ. ನಾನೂ ಒಬ್ಬನ ಕುಂತು ಕುಡೀತಿದ್ದೆ. ಬಿಡಾಕ ಬರ್ತದ."

ನಿಜ ಹೇಳಲು ಬಾಯಿ ತೆರೆದೆ. ಹೇಳಿದರೆ ಎದ್ದು ಹೋಗುತ್ತಾರೆ. ಈ ಊರಿನಲ್ಲಿ ನನ್ನ ಹೆಗಲ ಮೇಲೆ ಯಾರೂ ಕೈಯಿಟ್ಟಿರಲಿಲ್ಲ. "ಬಿಡ್ತೇನ್ರಿ," ಎಂದು ಡಬ್ಬಿ ಮುಟ್ಟಿ ಆಣೆ ಮಾಡಿದೆ!

ನಾಲ್ಕರಲ್ಲಿ ಒಂದು ಬಾಟಲಿ ಒಡೆದದ್ದರಿಂದ ಮಾದರಿ ಅಸಿಂಧುವಾಯಿತು. ಮದ್ಯದ ತಪಾಸಣೆ ನಿಂತಿತು, ನನ್ನ ತಪಾಸಣೆ ಶುರುವಾಯಿತು. ದಿನಾ ಸಂಜೆ ಬಸಣ್ಣ ಬಂದು, ನನ್ನ ಬಾಯಿ ಊದಿಸಿ ವಾಸನೆ ನೋಡಿ, ಚಹಾ ಕುಡಿದು, ತಾಸುಗಟ್ಟಲೆ ಮಾತಾಡಿ ಹೋಗುತ್ತಿದ್ದರು. ಎಂದೂ ಕುಡಿಯದ ನಾನು ಕುಡಿತ ಬಿಟ್ಟು ಹದಿನೆಂಟು ದಿನವಾಯಿತು.

ನಿನ್ನೆ ಅವರು ಖುಷಿಯಿಂದ ಬೆನ್ನು ತಟ್ಟಿದರು. "ನಂಬಿಕಿ ಬಂತ್ರಿ. ನಾಳಿಂದ ನೋಡಾಕ ಬರಂಗಿಲ್ಲ."

ಅಂದು ಮದ್ಯದಲ್ಲಿ ನೆನೆದ ಅಂಗಿಯನ್ನು ನಾನಿನ್ನೂ ಒಗೆದಿಲ್ಲ, ವಾಸನೆ ಪೂರ್ತಿ ಹೋಗಿಲ್ಲ. ಇಂದು ಸಂಜೆ ಅದನ್ನೇ ತೊಟ್ಟುಕೊಂಡು, ಅವರ ಬಾಗಿಲಿಗೆ ಗಾಳಿ ಬೀಸುವ ಕಡೆ ಕಟ್ಟೆಯ ಮೇಲೆ ಕೂತಿದ್ದೇನೆ.