ಕಂಪ್ಯೂಟರಿಗೆ ‘ರೀ’ ಹಚ್ಚಿದ ಕಾಕಾ

ಕಂಪ್ಯೂಟರಿಗೆ ‘ರೀ’ ಹಚ್ಚಿ ಮಾತಾಡಲು ಕಲಿಸಿದವರು ಯಾರು ಅಂತ ಯಾರಾದರೂ ಕೇಳಿದರೆ, ಹಿಂದುಮುಂದು ನೋಡದೆ ನಮ್ಮ ಕಾಕಾನ ಹೆಸರು ಹೇಳುತ್ತೇನೆ. ಇದುವರೆಗೆ ಯಾರೂ ಕೇಳಿಲ್ಲ, ಆ ಮಾತು ಬೇರೆ!

ಕಾಕಾ ಇಳಕಲ್ಲಿನಲ್ಲಿ ಟೈಪಿಂಗ್ ಕ್ಲಾಸು ನಡೆಸುತ್ತಿದ್ದ. ಮುಂದಿನ ಕೋಣೆಯಲ್ಲಿ ಅವನ ಟೈಪ್‌ರೈಟರುಗಳು, ಹಿಂದಿನ ಕೋಣೆಯಲ್ಲಿ ಚಿಗವ್ವನ ಕೈಮಗ್ಗ. ಆ ಎರಡರ ಗದ್ದಲದ ನಡುವೆ ಸಂಸಾರ ಮಾಡಿದವರು ಮೆಲ್ಲಗೆ ಮಾತಾಡುವುದುಂಟೆ? ಅವರದು ಜಗಳವಲ್ಲ, ಬರೀ ಮಾತು ಅಂತ ಓಣಿಗೆ ಹೊಸದಾಗಿ ಬಂದವರಿಗೆ ತಿಳಿಯಲು ತಿಂಗಳೊಪ್ಪತ್ತು ಬೇಕಾಗುತ್ತಿತ್ತು.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷಕ್ಕೆ ಟೈಪಿಂಗ್ ಕಲಿಯುವವರು ಕಡಿಮೆಯಾದರು. ಕಾಕಾ ಒಂದು ಹಳೆ ಕಂಪ್ಯೂಟರ್ ತಂದ. ಅದರ ಹಿಂದೆಯೇ ಪರದೇಶದಿಂದ ಟಪಾಲಿನಲ್ಲಿ ಒಂದು ಕಟ್ಟು ಸಿಡಿ ಬಂದವು, ಪುಕ್ಕಟೆ! ಒಳಗಿದ್ದದ್ದು ಲಿನಕ್ಸ್ ಅನ್ನುವ, ಕಂಪ್ಯೂಟರ್ ನಡೆಸುವ ತಂತ್ರಾಂಶ. ಅದನ್ನು ಯಾರು ಬೇಕಾದರೂ ಬಳಸಬಹುದು, ಅದರ ಹೊಟ್ಟೆಯೊಳಗಿನ ಬರವಣಿಗೆ ಬಿಚ್ಚಿ ನೋಡಬಹುದು, ತಿದ್ದಬಹುದು, ತಿದ್ದಿದ್ದನ್ನು ನಾಲ್ಕು ಮಂದಿಗೆ ಹಂಚಲೂಬಹುದು ಅಂತ ತಿಳಿದ ದಿನ ಕಾಕಾ ಊಟ ಮಾಡುವುದನ್ನೇ ಮರೆತ. ಸಿಕ್ಕಸಿಕ್ಕವರಿಗೆಲ್ಲ ಅದನ್ನೇ ಹೇಳಿದ. ಹುನಗುಂದದ ಬೀಗರ ಮನೆಯ ಮದುವೆಯಲ್ಲಿ ಮುಯ್ಯಿ ಮಾಡಿದ್ದೂ ಅದೇ ಸಿಡಿ!

“ಯಾವ ಪಿಕ್ಚರ್ ರೀ ಇದು?” ಅಂದರು ಮದುಮಗನ ಅಪ್ಪ.

“ಪಿಕ್ಚರ್ ಅಲ್ರಿ, ಸ್ವಾತಂತ್ರ್ಯ!” ಅಂದ ಕಾಕಾ.

ಅವರು ಆ ಸ್ವಾತಂತ್ರ್ಯವನ್ನು ಒಯ್ದು ಜೋಳದ ಹೊಲದಲ್ಲಿ ಗುಬ್ಬಿ ಹೆದರಿಸಲು ತೂಗುಬಿಟ್ಟರು. ಕಾಕಾ ಸಿಟ್ಟಾಗುತ್ತಾನೆ ಅಂದುಕೊಂಡರೆ, ಅವನು ಬದುವಿನ ಮೇಲೆ ನಿಂತು ಕಣ್ತುಂಬ ನೋಡಿ, “ಯಾವ ಕೆಲಸಕ್ಕ ಬೇಕಾದ್ರೂ ಬಳಸ್ಬಹುದು ಅಂತ ನಾನ ಹೇಳೇನಲ್ಲಪಾ!” ಅಂದ.

ಆಮೇಲೆ ಸುರುವಾಯಿತು ನೋಡಿ, ಭಾಷಾಂತರ! ಲಿನಕ್ಸಿನ ಇಂಗ್ಲಿಷ್ ಸೂಚನೆಗಳನ್ನು ಕನ್ನಡಕ್ಕೆ ತರುವ ಉಮೇದಿನವರು ಬೆಂಗಳೂರಿನಲ್ಲಿದ್ದರು. ಕಾಕಾ ಅವರ ಜೊತೆ ಸೇರಿಕೊಂಡ. ಅವರು ಕಳಿಸಿದ ಮಾದರಿ ಹೀಗಿತ್ತು: ‘ಕಡತವನ್ನು ಉಳಿಸಬೇಕೆ?’

“ಇದೇನ್ ಕಂಪ್ಯೂಟರೋ, ಕೋರ್ಟಿನ ಸಮನ್ಸೋ?” ಅನ್ನುತ್ತ ಕಾಕಾ ಮಗ್ಗದ ಕಡೆ ತಿರುಗಿ ಕೂಗಿದ: “ಏ, ಕೇಳಿಲ್ಲಿ! ಬರದದ್ದನ್ನ ಜ್ವಾಪಾನ ಮಾಡೋದಕ್ಕ ಹೆಂಗ್ ಕೇಳಬೇಕು?”

ಚಿಗವ್ವ ಲಾಳಿ ನಿಲ್ಲಿಸಲಿಲ್ಲ. “ತಗದಿಡ್ಲೇನ್ರಿ?”

“ಅಳಸೋದಕ್ಕ?”

“ಒಗದ್ಬಿಡ್ಲೇನ್ರಿ?”

“ನಡುವ ಕೆಟ್ಟು ನಿಂತ್ರ?”

“ಯಾಕೋ ತಲಿ ತಿರಗಾಕತ್ತೇತಿ, ತಡೀರಿ!”

ಅಷ್ಟನ್ನೂ ಕಾಕಾ ಚಾಚೂ ತಪ್ಪದೆ ಬರೆದು ಕಳಿಸಿದ. ‘ದಯವಿಟ್ಟು ಶಿಷ್ಟ ಕನ್ನಡ ಬಳಸಿ’ ಅಂತ ಉತ್ತರ ಬಂತು.

“ಹಂಗಾದ್ರ ನಾವೇನ್ ದುಷ್ಟರೇನು?” ಅಂತ ಹಾರಾಡಿ, ಕಾಕಾ ತನ್ನದೇ ಬೇರೆ ಪ್ರತಿ ಮಾಡಿಕೊಂಡ. ಅದಕ್ಕೂ ಅನುಮತಿ ಇತ್ತಂತೆ! ಇಡೀ ಜಗತ್ತಿನಲ್ಲಿ ಅದು ಓಡುತ್ತಿದ್ದ ಕಂಪ್ಯೂಟರ್ ಒಂದೇ ಒಂದು. ಅದು ಎಲ್ಲಿತ್ತು ಅಂತ ಬೇರೆ ಹೇಳಬೇಕೆ?

ಮರುವರ್ಷ ಚಿಗವ್ವನ ಗಂಟಲಲ್ಲಿ ಗಂಟು ಕಾಣಿಸಿತು. ಬಾಗಲಕೋಟೆಯ ದವಾಖಾನೆಯಲ್ಲಿ ಆಪರೇಶನ್ ಆಯಿತು. ಜೀವ ಉಳಿಯಿತು, ದನಿ ಉಳಿಯಲಿಲ್ಲ.

ನಾಲ್ಕು ದಿನ ಇದ್ದು ಬರೋಣ ಅಂತ ನಾನು ಹೋದರೆ, ಮನೆ ಗಪ್ಪಾಗಿತ್ತು. ಅವಳು ಮಾತಾಡಲಾರಳು ಅಂತ ಕಾಕಾನೂ ಬಾಯಿ ಮುಚ್ಚಿಬಿಟ್ಟಿದ್ದ! ಚಹಾ ಬೇಕೇ ಅನ್ನಲೂ ಕೈಸನ್ನೆ, ಗುಳಿಗೆ ತಗೋ ಅನ್ನಲೂ ಕೈಸನ್ನೆ.

“ಆಕಿ ಮುಂದ ನಾ ಮಾತಾಡಿದ್ರ ಆಕಿಗೆ ಸಂಕಟ ಆಗೂದಿಲ್ಲೇನು?” ಅಂತ ನನ್ನ ಕಿವಿಯಲ್ಲಿ ಪಿಸುಗುಟ್ಟಿದ.

ಚಿಗವ್ವ ಕಲಿತದ್ದು ಮೂರನೇ ಇಯತ್ತೆ. ಅವಳಿಗಾಗಿ ಕಾಕಾ ಕಂಪ್ಯೂಟರಿನ ಅಕ್ಷರ ದೊಡ್ಡದು ಮಾಡಿ, ಕೀಲಿಗಳ ಮೇಲೆ ಕನ್ನಡದ ಚೀಟಿ ಅಂಟಿಸಿಟ್ಟಿದ್ದ. ಅವಳು ಅತ್ತ ತಿರುಗಿಯೂ ನೋಡಿರಲಿಲ್ಲ. ಗೋಡೆ ನೋಡುತ್ತ ಕೂತಿರುತ್ತಿದ್ದಳು.

ಮೂರನೇ ದಿನ ಮಧ್ಯಾಹ್ನ ಕಾಕಾನೇ ಅಡುಗೆ ಮಾಡಿದ. ಊಟಕ್ಕೆ ಬಾ ಅಂತ ಕೈ ಆಡಿಸಿದ್ದೇ ತಡ, ಚಿಗವ್ವ ದಡಕ್ಕನೆ ಎದ್ದು ಹೋಗಿ ಕಂಪ್ಯೂಟರಿನ ಮುಂದೆ ಕೂತಳು. ಒಂದೇ ಬೆರಳಿನಿಂದ ಒಂದೊಂದೇ ಅಕ್ಷರ ಹುಡುಕಿ ಒತ್ತತೊಡಗಿದಳು. ಕಾಕಾ ಹಿಂದೆ ನಿಂತು ಓದಿದ. ನಾನೂ ಓದಿದೆ.

‘ನನ್ನ ದನಿ ಹೋಗೇತಿ. ನಿಮಗೇನಾಗೇತಿ? ಮಾತಾಡ್ರಿ.’

ಕಾಕಾ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ, ಒರೆಸಿದ್ದನ್ನೇ ಮತ್ತೆ ಒರೆಸಿದ. ಕಡೆಗೆ ಗಂಟಲು ಸರಿಮಾಡಿಕೊಂಡು, ದೊಡ್ಡ ದನಿಯಲ್ಲಿ, “ಪಲ್ಲೇಕ ಉಪ್ಪ ಹಾಕೋದು ಮರತೇನಿ!” ಅಂದ.

ಚಿಗವ್ವ ನಗುತ್ತ ಎದ್ದು, ಅವನ ತಾಟಿಗೆ ರೊಟ್ಟಿ ಹಾಕಿದಳು.