ಹೆಬ್ಬೆರಳಿನ ಕೀಲಿ

ನಾಜಿಯೆಗೆ ಅಳಿಯನ ಮೇಲೆ ಅಷ್ಟೊಂದು ಪ್ರೀತಿ ಇರದೇ ಹೋಗಿದ್ದರೆ ಆ ಭಾನುವಾರ ಸುಖವಾಗಿಯೇ ಕಳೆಯುತ್ತಿತ್ತು. ಕೆಶಾನ್ ಪಟ್ಟಣದ ವಾದ್ಯಗಾರರ ಕೇರಿಯಲ್ಲಿ ಅತ್ತೆಯಂದಿರು ಅಳಿಯಂದಿರನ್ನು ಬೈಯುವುದೇ ರೂಢಿ. ನಾಜಿಯೆ ಮಾತ್ರ ಹದಿನೈದು ವರ್ಷಗಳಿಂದ ರುಸ್ತೆಮನ ಪರ ವಕಾಲತ್ತು ವಹಿಸಿಕೊಂಡು ಬಂದಿದ್ದಳು. ಅವನು ಕ್ಲಾರಿನೆಟ್ ನುಡಿಸುವಾಗ ಯಾರಾದರೂ ಮುಖ ಹಿಂಡಿದರೆ ಸಾಕು, "ನಮ್ಮ ಅಳಿಯಂದ್ರು ಚಿನ್ನ ಕಣ್ರೀ. ತಪ್ಪೆಲ್ಲಾ ಆ ತಗಡಿನ ಪೀಪಿದು. ಅವರ ತಾತನ ಕಾಲದ್ದು, ಒಂದು ಭಾಗ ಸರಿಯಿದ್ರೆ ಇನ್ನೊಂದು ಸರಿಯಿರಲ್ಲ" ಎನ್ನುತ್ತಿದ್ದಳು. ರುಸ್ತೆಮ್ ಇದನ್ನು ಅಲ್ಲಗಳೆಯುವ ಗೋಜಿಗೆ ಎಂದೂ ಹೋಗಿರಲಿಲ್ಲ.

ಅಂದು ಹಿಟ್ಟಿನ ಗಿರಣಿಯ ಶೆವ್ಕೆತನ ಮಗನ ಮದುವೆ. ಇಪ್ಪತ್ತು ವರ್ಷ ಇನ್ನೊಬ್ಬರ ಬೆನ್ನ ಹಿಂದೆ ನಿಂತು ಊದಿದ್ದ ರುಸ್ತೆಮನಿಗೆ ಮೊದಲ ಬಾರಿ ಮೇಳದ ಮುಂದೆ ನಿಲ್ಲುವ ಕರೆ ಬಂದಿತ್ತು. ಇಂದು ಗೆದ್ದರೆ ಗೆದ್ದ, ಇಲ್ಲವಾದರೆ ಸಾಯುವವರೆಗೂ ಹಿಂದಿನ ಸಾಲು. ಇದು ಅತ್ತೆಗೂ ಗೊತ್ತು. ಅದಕ್ಕೇ ಅವಳು ನಸುಕಿನಲ್ಲೇ ಎದ್ದು, ಅವನ ಲೋಹದ ಕ್ಲಾರಿನೆಟ್ಟನ್ನು ಅಂಗಳಕ್ಕೊಯ್ದು, ಬೂದಿ ನಿಂಬೆಹಣ್ಣು ಹಾಕಿ ಚಹಾದ ಪಾತ್ರೆ ತಿಕ್ಕಿದ ಹಾಗೆ ತಿಕ್ಕಿದಳು. ಕ್ಲಾರಿನೆಟ್ ಫಳಫಳ ಹೊಳೆಯಿತು. ಅದರ ಬೆನ್ನ ಮೇಲಿದ್ದ ಹೆಬ್ಬೆರಳಿನ ಕೀಲಿ ಮಾತ್ರ ಮುರಿದು, ಬೂದಿನೀರಿನ ಜೊತೆ ಮೋರಿ ಸೇರಿತು.

"ಸಣ್ಣದೊಂದು ಚೂರು ಬಿತ್ತು ಅಷ್ಟೇ ಅಳಿಯಂದ್ರೇ. ಇನ್ನೂ ಬೇಕಾದಷ್ಟು ಕೀಲಿ ಇವೆಯಲ್ಲಾ?"

ಆ ಸಣ್ಣ ಚೂರನ್ನು ಒತ್ತಿದರೇ ಮೇಲಿನ ಸ್ಥಾಯಿ ಏಳುವುದು. ರುಸ್ತೆಮ್ ಊದಿ ನೋಡಿದ. ನೆಗಡಿಯಾದ ಎಮ್ಮೆಯ ದನಿ ಬಂತು. ಇದನ್ನು ಹಿಡಿದುಕೊಂಡು ಮದುವೆಗೆ ಹೋದರೆ ಹೆಣ್ಣಿನ ಕಡೆಯವರು ಯಾರು ತೀರಿಕೊಂಡರೆಂದು ಕೇಳುವುದು ಖಂಡಿತ.

ಇಸ್ತಾಂಬುಲಿನ ಹಳೆಯ ವಾದ್ಯದ ಅಂಗಡಿಯೊಂದಕ್ಕೆ ಫೋನ್ ಮಾಡಿದ. ಅತ್ತಲಿನ ಮುದುಕ ವಾದ್ಯದ ಮೇಲಿನ ಮುದ್ರೆ ಏನೆಂದು ಕೇಳಿಕೊಂಡು ಗಟ್ಟಿಯಾಗಿ ನಕ್ಕ. "ಅಪ್ಪಾ, ಅದನ್ನ ಮಾಡ್ತಿದ್ದೋನು ನಾನು ಹುಟ್ಟೋಕೆ ಮುಂಚೆ ಬಾಗಿಲು ಹಾಕ್ಕೊಂಡು ಹೋದ. ಅದರ ಭಾಗ ಬೇಕು ಅಂದ್ರೆ ಅದೇ ಜಾತೀದು ಇನ್ನೊಂದು ಎಲ್ಲಾದ್ರೂ ಸತ್ತಿರ್ಬೇಕು."

ಅಷ್ಟರಲ್ಲಿ ಬೇಲಿಯ ಮೇಲೆ ಕ್ಷೌರದ ಸಾಬ್ರಿಯ ತಲೆ ಮೂಡಿತು. "ಗಾಬರಿ ಆಗ್ಬೇಡ ರುಸ್ತೆಮ್. ನಾನು ಒಂದು ನರಪಿಳ್ಳೆಗೂ ಹೇಳಲ್ಲ" ಎಂದ. ಯಾರಿಗೂ ಹೇಳಬೇಡಿ ಎಂದು ಹೇಳಲು ಅವನು ಮನೆ ಮನೆಗೂ ಹೋದ. ಕಾಲು ಗಂಟೆಯೊಳಗೆ ಅಂಗಳದ ತುಂಬ ವೈದ್ಯರು. ಒಬ್ಬಳು ಬಟ್ಟೆಪಿನ್ನು ತಂದಳು, ಒಬ್ಬಳು ಕುಕ್ಕರಿನ ರಬ್ಬರು ತಂದಳು, ಮತ್ತೊಬ್ಬ ಅಂಟಿಸಲು ಅಂಜೂರದ ಹಾಲು ಒಳ್ಳೆಯದೆಂದು ಹೇಳಿ, ತರದೆ ನಿಂತುಕೊಂಡ. ಸೈಕಲ್ ರಿಪೇರಿಯ ಹೈದರ್ ಚಹಾ ಚಮಚದ ಹಿಡಿಯನ್ನು ಕತ್ತರಿಸಿ, ಟ್ಯೂಬಿನ ತುಂಡು ಅಂಟಿಸಿ, ಕೀಲಿಯೊಂದನ್ನು ಮಾಡಿಯೇಬಿಟ್ಟ. ರುಸ್ತೆಮ್ ಬಿಸ್ಮಿಲ್ಲಾ ಎಂದು ಒತ್ತಿದ. ಚಮಚ ಚಿಮ್ಮಿ ಹೋಗಿ ಕೋಳಿಗೆ ಬಡಿಯಿತು. ಮೇಲಿನ ಸ್ಥಾಯಿ ಎದ್ದದ್ದು ಆ ಕೋಳಿಯದೇ.

"ಅದೇ ಜಾತೀದು ಊರಲ್ಲಿ ಇನ್ನೊಂದಿದೆಯಲ್ಲೋ" ಎಂದ ಹೈದರ್, ತಲೆ ಕೆರೆದುಕೊಳ್ಳುತ್ತ. "ಮುಹರ್ರೆಮ್ ಉಸ್ತಾದರದ್ದು."

ಮುಹರ್ರೆಮ್ ಉಸ್ತಾದ್ ಒಂದು ಕಾಲಕ್ಕೆ ಗಡಿಯಾಚೆಯ ಹಳ್ಳಿಗಳವರೆಗೂ ಹೆಸರಾದ ಕ್ಲಾರಿನೆಟ್ಟಿನವರು. ಹಲ್ಲು ಬಿದ್ದ ಮೇಲೆ ವಾದ್ಯವನ್ನು ಕಾಫಿಖಾನೆಯ ಗೋಡೆಗೆ ನೇತುಹಾಕಿ, ಅದರ ಕೆಳಗೇ ಕುರ್ಚಿ ಹಾಕಿಕೊಂಡು, ಯಾರೂ ಅದನ್ನು ಮುಟ್ಟದಂತೆ ಕಾಯುತ್ತಿದ್ದರು. ರುಸ್ತೆಮ್ ಹೈದರನ ಜೊತೆ ಅಲ್ಲಿಗೇ ಓಡಿದ.

"ಕೀಲಿ ಬಿಚ್ಚಿ ಕೊಡ್ಬೇಕಾ? ನಾಳೆ ನನಗೇ ಕರೆ ಬಂದ್ರೆ?" ಎಂದು ಉಸ್ತಾದರು ಬಾಯಿ ತೆರೆದು ತೋರಿಸಿದರು. ಒಳಗೆ ಹೊಚ್ಚಹೊಸ ಕಟ್ಟುಹಲ್ಲು ಮಿಂಚಿತು. "ಹೋದ ತಿಂಗಳು ಎದಿರ್ನೆಯಲ್ಲಿ ಮಗಳು ಕಟ್ಟಿಸಿದ್ದು."

"ಆರು ವರ್ಷದಿಂದ ಬರದಿರೋ ಕರೆ ನಾಳೆ ಬರುತ್ತಾ ಉಸ್ತಾದ್?" ಯಾರೋ ನಕ್ಕರು.

ರುಸ್ತೆಮ್ ಹಾಗೆ ಬಿಡುವಂತಿರಲಿಲ್ಲ. ಎದೆಯ ಮೇಲೆ ಕೈಯಿಟ್ಟು, ಕಾಫಿಖಾನೆಯ ಅಷ್ಟೂ ಜನಕ್ಕೆ ಕೇಳುವ ಹಾಗೆ ಅಂದ: "ನುಡಿಸೋಕೆ ಕೈಯಲ್ಲಿ ಮದುವೆ ಇರೋನು ಏನು ಕೇಳಿದ್ರೂ ಇಲ್ಲ ಅನ್ಬಾರ್ದು. ಇದು ನಮ್ಮ ಕೇರಿ ಕಟ್ಟಳೆ. ಇವತ್ತು ನನ್ನ ಕೈಯಲ್ಲಿ ಮದುವೆ ಇದೆ, ಉಸ್ತಾದ್."

ಇಸ್ಪೀಟು ಆಡುತ್ತಿದ್ದವರೂ ಎಲೆ ಕೆಳಗಿಟ್ಟರು. ಆ ಮಾತಿನ ಮುಂದೆ ಮಾತಿಲ್ಲ. ಉಸ್ತಾದರು ಗೋಡೆಯ ಕಡೆ ತಿರುಗಿ, ಸ್ವಂತ ಹಲ್ಲನ್ನೇ ಕೀಳುವವರ ಮುಖ ಮಾಡಿಕೊಂಡು ಕೀಲಿ ಬಿಚ್ಚಿಕೊಟ್ಟರು.

ಆದರೆ ಎರಡೂ ಕೈಯಲ್ಲಿ ಮಾಡಿದ ವಾದ್ಯಗಳು. ಅಣ್ಣನ ಕೀಲಿ ತಮ್ಮನಿಗೆ ಕೂದಲೆಳೆಯಷ್ಟರಲ್ಲಿ ಕೂರದೇ ಹೋಯಿತು. ಹೈದರ್ ಅರ ಹಾಕಿ ಉಜ್ಜಿದ, ಬಗ್ಗಿಸಿದ, ಕೊನೆಗೆ ಬೆಸುಗೆಯನ್ನೇ ಹಾಕಿದ. "ಇನ್ನು ಇದನ್ನ ಬಿಚ್ಚೋಕೆ ನಿನ್ನ ಮೊಮ್ಮಗನ ಕೈಲೂ ಆಗಲ್ಲ!" ರುಸ್ತೆಮ್ ಊದಿದ. ಮೇಲಿನ ಸ್ಥಾಯಿ ಗುಬ್ಬಚ್ಚಿಯಂತೆ ಪುರ್ರೆಂದು ಹಾರಿತು. ಅವನ ಕಣ್ಣು ತುಂಬಿಬಂತು. ಮನೆಗೆ ಹೋಗಿ ಸ್ನಾನ ಮಾಡಿ, ಬಿಳಿ ಅಂಗಿ ತೊಟ್ಟು, ಹೊರಡಲು ಹೊಸ್ತಿಲು ದಾಟಿದ.

ಗೇಟಿನ ಬಳಿ ಮುಹರ್ರೆಮ್ ಉಸ್ತಾದರು ನಿಂತಿದ್ದರು. ಕರಿ ಕೋಟು, ಬಣ್ಣ ಹಚ್ಚಿದ ಮೀಸೆ. ಹಿಂದೆ ಅರ್ಧ ಕೇರಿ.

"ಸಾಬ್ರಿ ಮಧ್ಯಾಹ್ನ ಮದುಮಗನಿಗೆ ಕ್ಷೌರ ಮಾಡೋಕೆ ಹೋಗಿದ್ದನಂತೆ. ರುಸ್ತೆಮನ ಕ್ಲಾರಿನೆಟ್ ಸತ್ತುಹೋಯ್ತು ಅಂದನಂತೆ. ಶೆವ್ಕೆತ್ ಎದ್ದುಬಿದ್ದು ನನ್ನ ಹತ್ರ ಓಡಿಬಂದ."

"ಈಗ ಸರಿ ಹೋಗಿದೆಯಲ್ಲಾ ಉಸ್ತಾದ್! ಹೇಳ್ಬೇಕಿತ್ತು!"

"ಹೇಳ್ದೆ ಮಗನೇ, ದೇವರಾಣೆ ಹೇಳ್ದೆ. ಅಷ್ಟೊತ್ತಿಗೆ ಶೆವ್ಕೆತ್, ಮುಹರ್ರೆಮ್ ಆರು ವರ್ಷದ ಮೇಲೆ ಊದ್ತಾನೆ ಅಂತ ಊರೆಲ್ಲಾ ಸಾರಿಬಿಟ್ಟಿದ್ದ." ಉಸ್ತಾದರು ಗಂಟಲು ಸರಿಮಾಡಿಕೊಂಡು ಎದೆಯ ಮೇಲೆ ಕೈಯಿಟ್ಟರು. "ಈಗ ನನ್ನ ಕೈಯಲ್ಲಿ ಮದುವೆ ಇದೆ, ರುಸ್ತೆಮ್. ನನ್ನ ಕ್ಲಾರಿನೆಟ್ಟಿಗೆ ಕೀಲಿ ಇಲ್ಲ."

ಬೆಸುಗೆ ಹಾಕಿದ ಕೀಲಿಯನ್ನು ಕೊಡುವುದೆಂದರೆ ಪೂರ್ತಿ ಕ್ಲಾರಿನೆಟ್ಟನ್ನೇ ಕೊಡುವುದು. ರುಸ್ತೆಮ್ ಹೈದರನ ಕಡೆ ನೋಡಿದ. ಹೈದರ್ ಆಕಾಶದ ಕಡೆ ನೋಡಿದ.

ಹೀಗೆ ರುಸ್ತೆಮ್ ಬಿಳಿ ಅಂಗಿಯಲ್ಲೇ ಮದುವೆಯ ಊಟಕ್ಕೆ ಕೂತ. ಕಡಲೆಕಾಳಿನ ಪಿಲಾಫ್ ಅನ್ನ ಚೆನ್ನಾಗಿತ್ತು, ಹುರಿದ ಈಲಿ ಇನ್ನೂ ಚೆನ್ನಾಗಿತ್ತು. ಇಳಿಬಿಸಿಲಿನಲ್ಲಿ ಉಸ್ತಾದರು ಊದತೊಡಗಿದಾಗ ತಟ್ಟೆಯಿಂದ ಬಾಯಿಗೆ ಹೊರಟಿದ್ದ ಕೈಗಳೆಲ್ಲ ಅರ್ಧದಲ್ಲೇ ನಿಂತವು. ಅಜ್ಜಿಯರು ಎದ್ದು ಕುಣಿದರು. ಶೆವ್ಕೆತ್ ಅತ್ತು, ಬಕ್ಷೀಸಿನ ನೋಟನ್ನು ಉಸ್ತಾದರ ಹಣೆಗೆ ಅಂಟಿಸಿ ಮತ್ತೆ ಅತ್ತ. ತಾತನ ಕ್ಲಾರಿನೆಟ್ಟಿನೊಳಗೆ ಇಂಥ ದನಿ ಇದೆಯೆಂದು ರುಸ್ತೆಮನಿಗೆ ಕನಸಿನಲ್ಲೂ ಗೊತ್ತಿರಲಿಲ್ಲ. ಹೊಟ್ಟೆಕಿಚ್ಚು ಪಡಬೇಕೆಂದುಕೊಂಡ, ಆಗಲಿಲ್ಲ, ಅಷ್ಟು ಚೆನ್ನಾಗಿತ್ತು.

ಪಕ್ಕದಲ್ಲಿ ಅತ್ತೆ ಕೂತಿದ್ದಳು. ಅವಳು ಕ್ಲಾರಿನೆಟ್ಟನ್ನು ನೋಡಿದಳು, ಅಳಿಯನನ್ನು ನೋಡಿದಳು, ಮತ್ತೆ ಕ್ಲಾರಿನೆಟ್ಟನ್ನು ನೋಡಿದಳು. ರುಸ್ತೆಮ್ ಪಿಲಾಫಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಹದಿನೈದು ವರ್ಷದ ವಕಾಲತ್ತು ಇವತ್ತಿಗೆ ಮುಗಿಯಿತು ಎಂದುಕೊಂಡ.

"ಅಳಿಯಂದ್ರೇ," ಎಂದಳು ಕೊನೆಗೆ, "ಆ ಪೀಪಿದೇನೂ ತಪ್ಪಿಲ್ಲ."

"ಇಲ್ಲ ಅತ್ತೆ" ಎಂದ ರುಸ್ತೆಮ್ ತಲೆ ತಗ್ಗಿಸಿ.

"ನಿಮ್ಮದೂ ತಪ್ಪಿಲ್ಲ. ನಮ್ಮ ಅಳಿಯಂದ್ರು ಚಿನ್ನ." ಅವಳು ಅವನ ಗಲ್ಲ ಹಿಡಿದು ಬಾಯಿಯನ್ನು ದೀಪದ ಕಡೆ ತಿರುಗಿಸಿದಳು. "ತಪ್ಪು ಹಲ್ಲಿಂದು! ಉಸ್ತಾದರದ್ದು ನೋಡಿ, ಹೇಗೆ ಹೊಳೀತಿದೆ. ನಾಳೆ ಬೆಳಗ್ಗೆ ಮೊದಲ ಬಸ್ಸಿಗೆ ಎದಿರ್ನೆಗೆ ಹೋಗಿ ಎಲ್ಲಾ ಕೀಳಿಸಿ, ಹೊಸದು ಕಟ್ಟಿಸೋಣ."

ರುಸ್ತೆಮನ ಬಾಯಲ್ಲಿ ಮೂವತ್ತೆರಡು ಹಲ್ಲುಗಳಿದ್ದವು, ಒಂದಕ್ಕೂ ಹುಳುಕಿರಲಿಲ್ಲ. ತಪ್ಪು ಹಲ್ಲಿನದಲ್ಲ ಅಂದರೆ ಮತ್ತೆ ಯಾರದು ಎಂದು ಅವಳು ಕೇಳುತ್ತಾಳೆ. ಮೇಜಿನ ಸುತ್ತಲಿದ್ದವರೆಲ್ಲ ಅವನ ಉತ್ತರಕ್ಕೆ ಕಾಯುತ್ತಿದ್ದರು. ಅವನು ನಾಲಗೆಯಿಂದ ಹಲ್ಲುಗಳನ್ನೆಲ್ಲ ಒಮ್ಮೆ ಮೆಲ್ಲಗೆ ಸವರಿಕೊಂಡ.

"ಹೌದು ಅತ್ತೆ," ಎಂದ. "ಸುಮಾರು ದಿನದಿಂದ ನನಗೂ ಹಾಗೇ ಅನ್ನಿಸ್ತಿತ್ತು."